ಬೆನ್ನು ಕಾಣದ ಎಳೆ ಗರಿ

ನಮ್ಮ ಕಾಲೇಜಿನ ಒಂದು ಬೀರು ತುಂಬ ಇದ್ದ ಒಣ ಜರೀಗಿಡಗಳನ್ನು ಪ್ಲಾಸ್ಟಿಕ್ಕಿನೊಳಗೆ ಹಾಕಿ ಬೇಯಿಸಿದ್ದು ನಾನೇ ಬರೆದುಕೊಟ್ಟ ಚೀಟಿಯ ಮೇಲೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆ ಮೂರು ವಾರ ಸಿಕ್ಕಸಿಕ್ಕವರನ್ನೆಲ್ಲ ಬೈದುಕೊಂಡು ತಿರುಗಿದ ನಾನು, ಈ ಒಂದು ಸಂಗತಿಯನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಸವನಗುಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಪಾಠ ಬಿಟ್ಟರೆ ಉಳಿದ ಹೊತ್ತೆಲ್ಲ ಜರೀಗಿಡ. ಗಿಡವನ್ನು ಒತ್ತಿ ಒಣಗಿಸಿ, ದಪ್ಪ ಕಾಗದದ ಮೇಲೆ ಅಂಟಿಸಿ, ಎಲ್ಲಿ, ಯಾವಾಗ, ಯಾರು ಕಿತ್ತದ್ದು ಎಂದು ಮೂಲೆಯಲ್ಲಿ ಚೀಟಿ ಹಚ್ಚಿದರೆ ಅದೊಂದು ಶೀಟು. ಒಂದೇ ಜಾತಿಯ ಶೀಟುಗಳನ್ನೆಲ್ಲ ಮಡಿಸಿದ ಕಂದು ಕಾಗದವೊಂದರ ಒಳಗಿಡುತ್ತೇವೆ. ಆ ಕಂದು ಕಾಗದಕ್ಕೆ ನಮ್ಮ ಕಸುಬಿನಲ್ಲಿ ಕವರ್ ಅನ್ನುತ್ತಾರೆ. ನಮ್ಮ ಬೀರುವಿನ ಕವರುಗಳನ್ನು ಹುಳ ತಿಂದು ಜಾಲರಿ ಮಾಡಿತ್ತು. ಅಷ್ಟರಲ್ಲಿ ಕಾಲೇಜಿನ ತಪಾಸಣೆಗೆ ಸಮಿತಿ ಬರುತ್ತದೆಂದು ಸುದ್ದಿಯಾಯಿತು. ಏನೇನು ಆಗಬೇಕೋ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಸುತ್ತೋಲೆ ಕಳಿಸಿದರು. ನಾನು ಬರೆದೆ: "ಜರೀಗಿಡದ ಶೀಟುಗಳಿಗೆಲ್ಲ ಹೊಸ ಕವರ್ ಹಾಕಿಸಿಕೊಡಬೇಕು." ಬರೆದು ಆಫೀಸಿನ ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟು, ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹತ್ತು ದಿನ ಊಟಿ ಕಡೆ ಟೂರ್ ಹೋದೆ.

ಬೆಂಗಳೂರಿನಲ್ಲಿ ಕವರ್ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲವೇ? ಗಾಂಧಿಬಜಾರಿನಲ್ಲಿ ಸೊಪ್ಪಿನವಳ ಮುಂದೆ ನಿಂತು ದಿನಾ ಸಂಜೆ "ಒಂದು ಕವರ್ ಕೊಡಮ್ಮ" ಅನ್ನುವವಳು ನಾನೇ.

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಆದರೆ ಲ್ಯಾಮಿನೇಶನ್ ಅನ್ನುವುದು ಬಂದಾಗಿನಿಂದ ಅವರಿಗೆ ಅದರ ಹುಚ್ಚು ಹಿಡಿದಿತ್ತು. ರೇಷನ್ ಕಾರ್ಡು, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮನೆದೇವರ ಪಟ, ಕೊನೆಗೆ ತೀರಿಕೊಂಡ ತಂದೆಯ ಕೈಬರಹದ ಒಂದು ದಿನಸಿ ಚೀಟಿ, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ. ನಾನು ಟೂರಿನಿಂದ ಬಂದ ದಿನ ಕೈಹಿಡಿದು ಎಳೆಯುವುದೊಂದು ಬಾಕಿ, ಅಷ್ಟು ಸಡಗರದಿಂದ ಬೀರುವಿನ ಹತ್ತಿರ ಕರೆದೊಯ್ದರು.

ಬಾಗಿಲು ತೆರೆದ ಕೂಡಲೇ ನಾತ ಬಡಿಯಿತು. ಬಿಸಿ ಪ್ಲಾಸ್ಟಿಕ್ಕಿನ ನಾತ, ಅದರ ಕೆಳಗೆ ಹಳಸಿದ ಪಲ್ಯದ ನಾತ. ಜುಲೈ ತಿಂಗಳು, ಒಣಗಿದ ಗಿಡವೂ ಕಾಗದವೂ ಗಾಳಿಯ ತೇವ ಹೀರಿಕೊಂಡಿದ್ದಾಗಲೇ ಬಿಸಿ ರೋಲರಿನ ನಡುವೆ ತೂರಿಸಿದ್ದಾರೆ. ದಪ್ಪ ದಂಟಿನ ಅಕ್ಕಪಕ್ಕ ಪ್ಲಾಸ್ಟಿಕ್ ಕೂರದೆ ಗುಳ್ಳೆ ಎದ್ದಿತ್ತು. ಗುಳ್ಳೆಯೊಳಗೆ ಹನಿ ಹನಿ ಬೆವರು, ಬೆವರಿನ ಸುತ್ತ ಬೂದು ಬೂಷ್ಟು. ಕೆಲವು ಗರಿಗಳು ಬೆಂದು ಕಂದು ರಸ ಬಿಟ್ಟು ಚೀಟಿಯ ಶಾಯಿಯ ಜೊತೆ ಕಲಸಿಕೊಂಡಿದ್ದವು. ಒಂದು ಶೀಟಿನಲ್ಲಿ ಜಿರಳೆಯೊಂದು ಮೀಸೆ ಸಮೇತ ಲ್ಯಾಮಿನೇಟ್ ಆಗಿತ್ತು.

"ನೀವೇ ಬರ್ಕೊಟ್ಟಿದ್ರಲ್ಲ ಮೇಡಂ, ಕವರ್ ಹಾಕ್ಸಿ ಅಂತ," ಅಂದರು ಅವರು. "ಮಾಮೂಲಿ ಕವರ್ ಆದ್ರೆ ಹರ್ದೋಗತ್ತೆ. ಅದಕ್ಕೆ ಗಟ್ಟಿದೇ ಹಾಕ್ಸಿದೀನಿ. ಇನ್ನು ನೂರು ವರ್ಷ ಏನೂ ಆಗಲ್ಲ."

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದರು ಎಂದು ಎಲ್ಲರ ಮುಂದೆ ಕಿರುಚಾಡಿದೆ. ಆ ಮನುಷ್ಯ ಮುಖ ಸಪ್ಪೆ ಮಾಡಿಕೊಂಡು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ನನ್ನ ಚೀಟಿ ಅವರ ಫೈಲಿನಲ್ಲೇ ಇತ್ತು. ತೆಗೆದು ತೋರಿಸಬಹುದಿತ್ತು, ತೋರಿಸಲಿಲ್ಲ.

ಬೀರುವಿನ ಉಳಿದ ಶೀಟುಗಳಿಗಿಂತ ನನ್ನ ಜೀವ ಹೋಗುತ್ತಿದ್ದದ್ದು ಒಂದೇ ಒಂದಕ್ಕೆ. ಅದು ನನಗೆ ಜರೀಗಿಡ ಕಲಿಸಿದ ಮೇಡಂ ಅವರದು. ಅವರು ಇದೇ ಕಾಲೇಜಿನಿಂದ ನಿವೃತ್ತರಾಗಿ ಚಾಮರಾಜಪೇಟೆಯಲ್ಲಿ ತಂಗಿಯ ಜೊತೆ ಇದ್ದರು; ಎಪ್ಪತ್ತೆಂಟು ವಯಸ್ಸು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಅರವತ್ತರ ದಶಕದಲ್ಲಿ ಮೇಡಂ ಬೆಂಗಳೂರಿನ ಹಳೇ ಬಾವಿಗಳ ಗೋಡೆಯಲ್ಲಿ ಬೆಳೆಯುವ ಜರೀಗಿಡಗಳನ್ನು ಹುಡುಕಿಕೊಂಡು ಮನೆಮನೆ ಅಲೆದಿದ್ದರು. ಸೀರೆ ಕಚ್ಚೆ ಕಟ್ಟಿ, ರಾಟೆಯ ಹಗ್ಗಕ್ಕೆ ಹಲಗೆ ಬಿಗಿದುಕೊಂಡು, ಮೇಲೆ ಇಬ್ಬರು ಹಿಡಿದುಕೊಂಡರೆ ತಾವೇ ಬಾವಿಗೆ ಇಳಿಯುತ್ತಿದ್ದರು. ಮಲ್ಲೇಶ್ವರದ ಒಂದು ಹಿತ್ತಿಲ ಬಾವಿಯಲ್ಲಿ ಸಿಕ್ಕ ಗಿಡವನ್ನು ಅವರು ಹೊಸ ಜಾತಿ ಅಂದರು, ಮಲ್ಲೇಶ್ವರದ್ದೇ ಹೆಸರಿಟ್ಟರು. ಜೀವಮಾನದಲ್ಲಿ ಅವರು ಹೆಸರಿಟ್ಟದ್ದು ಅದೊಂದಕ್ಕೇ.

ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಗರಿಯ ಬೆನ್ನಿನಲ್ಲಿ ಕಂದು ಚುಕ್ಕಿಗಳಿರುತ್ತವೆ, ಅದರೊಳಗಿನ ಪುಡಿಯಿಂದಲೇ ಮುಂದಿನ ಪೀಳಿಗೆ. ನಮ್ಮ ಗೋಡೆ ಸಂದಿಗಳಲ್ಲಿ ಬೆಳೆಯುವ ಸಾಮಾನ್ಯ ಜಾತಿಯಲ್ಲಿ ಎಳೆಯ ಚುಕ್ಕಿಯ ಮೇಲೆ ರೋಮವಿರುವ ಒಂದು ತೆಳು ಪೊರೆ ಮುಚ್ಚಿರುತ್ತದೆ, ಬಲಿತಾಗ ಸುರುಟಿ ಉದುರಿಹೋಗುತ್ತದೆ. ತಮ್ಮ ಬಾವಿಯ ಗಿಡದಲ್ಲಿ ಎಳೆಯದರಲ್ಲೂ ಪೊರೆಯೇ ಇಲ್ಲ ಎನ್ನುವುದು ಮೇಡಂ ವಾದ. ನೀವು ಬಲಿತ ಗರಿ ಮಾತ್ರ ನೋಡಿದ್ದೀರಿ, ಇದು ಸಾಮಾನ್ಯ ಗಿಡವೇ ಎಂದು ಬೇರೆಯವರ ವಾದ. ಈಗ ಕಲ್ಕತ್ತೆಯ ಒಬ್ಬ ತಜ್ಞರು ಈ ಗುಂಪಿನ ಮೇಲೆ ಪುಸ್ತಕ ಬರೆದು ಮುಗಿಸುತ್ತಿದ್ದರು. ಹೆಸರಿಡುವಾಗ ಆಧಾರವಾಗಿದ್ದ ಮಲ್ಲೇಶ್ವರದ ಮೂಲ ಶೀಟಿನಲ್ಲಿ ಎಳೆಯ ಚುಕ್ಕಿಗಳನ್ನು ನೋಡಿ, ಚಿತ್ರ ಬರೆದು ಕಳಿಸಿ ಎಂದು ನನಗೆ ಕಾಗದ ಹಾಕಿದ್ದರು. ಪೊರೆ ಇಲ್ಲದಿದ್ದರೆ ಹೆಸರು ಉಳಿಯುತ್ತದೆ, ಇದ್ದರೆ ಅಳಿಯುತ್ತದೆ, ನೋಡಲು ಆಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಡುತ್ತಾರೆ. ಟೂರ್ ಮುಗಿಸಿ ಬಂದು ನೋಡುತ್ತೇನೆ ಎಂದು ಉತ್ತರ ಬರೆದಿದ್ದೆ.

ಆ ಶೀಟಿನಲ್ಲಿ ಮೂರು ಗರಿ. ಎರಡು ದೊಡ್ಡವು, ಬೆನ್ನು ಮೇಲಾಗಿ. ಒಂದು ಚಿಕ್ಕ ಎಳೆಯದು, ಮುಖ ಮೇಲಾಗಿ. ಹಾಗೆ ಎರಡೂ ಬಗೆಯಾಗಿ ಅಂಟಿಸುವುದು ನಿಯಮ. ಎಂ.ಎಸ್ಸಿ.ಯಲ್ಲಿ ನಾನೊಮ್ಮೆ ಚೆಂದ ಕಾಣಲೆಂದು ಎಲ್ಲ ಗರಿಗಳನ್ನೂ ಮುಖ ಮೇಲೆ ಮಾಡಿ ಅಂಟಿಸಿದಾಗ ಮೇಡಂ ಆ ಶೀಟನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದ್ದರು. ದೊಡ್ಡ ಗರಿಗಳ ತುದಿಯ ಚುಕ್ಕಿಗಳು ಎಳೆಯವಿರುತ್ತವೆ, ಅವನ್ನೇ ನೋಡೋಣ ಎಂದುಕೊಂಡಿದ್ದೆ. ಈಗ ಪ್ಲಾಸ್ಟಿಕ್ಕಿನ ಮೇಲಿಂದಲೇ ಭೂತಗನ್ನಡಿ ಹಿಡಿದು ನೋಡಿದರೆ ಚುಕ್ಕಿಯೇ ಇಲ್ಲ. ಬೋಳು. ಅಕ್ಕಪಕ್ಕದ ಶೀಟುಗಳನ್ನು ತೆಗೆದು ನೋಡಿದೆ, ಎಲ್ಲ ಬೋಳು.

ಸೂಪರಿಂಟೆಂಡೆಂಟರು ಶೀಟುಗಳನ್ನು ಕೊಟ್ಟಿದ್ದ ಅಕ್ಕಿಪೇಟೆಯ ಲ್ಯಾಮಿನೇಶನ್ ಅಂಗಡಿಗೆ ಹೋದೆ. ಅಕ್ಕಿ ಮಂಡಿಗಳ ನಡುವೆ ಒಂದು ಇಕ್ಕಟ್ಟಿನ ಮಳಿಗೆ, ಮುಂದೆ ಮೋರಿ. ಮಾಲೀಕ ನಲವತ್ತು ದಾಟಿದವನು, ಕುರ್ಚಿ ಕೊಟ್ಟ, ಟೀ ತರಿಸಿದ. ಎಲೆಯ ಹಿಂದಿನ ಚುಕ್ಕಿಗಳು ಎಲ್ಲಿ ಹೋದವು ಎಂದು ಕೇಳಿದೆ.

"ಅದಾ ಮೇಡಂ? ಎಲೆ ಹಿಂದೆ ಎಲ್ಲಾ ಹುಳದ ಮೊಟ್ಟೆ ಇತ್ತು. ಹಾಗೇ ಹಾಕಿದ್ರೆ ಒಳಗೇ ಮರಿ ಮಾಡ್ಬಿಡತ್ತೆ. ನಮ್ಮ ಮನೆಯವ್ರು ಹಲ್ಲುಜ್ಜೋ ಬ್ರಷ್ ತಗೊಂಡು ಮೂರು ದಿನ ಕೂತು ನೀಟಾಗಿ ಉಜ್ಜಿದಾರೆ. ಆ ಪುಡಿಗೆ ಅವ್ರಿಗೆ ಸೀನು ಹಿಡ್ಕೊಂಡು ಇನ್ನೂ ಬಿಟ್ಟಿಲ್ಲ."

ಪುಡಿ ಎಲ್ಲಿ ಎಂದೆ. ಮೋರಿ ತೋರಿಸಿದ. ಕಪ್ಪು ನೀರಿನ ಮೇಲೆ ಅಕ್ಕಿ ತೌಡು, ಬೀಡಿ ತುಂಡು, ಸತ್ತ ಇಲಿಯೊಂದು ತೇಲುತ್ತಿದ್ದವು. ಮೂವತ್ತು ವರ್ಷದ ಸಂಗ್ರಹದ ಬೆನ್ನನ್ನೆಲ್ಲ ಕೆರೆದು ಅಲ್ಲಿ ಸುರಿದಿದ್ದರು. ಒಳಗಿಂದ ಹೆಂಗಸೊಬ್ಬರು ಸೀನಿದ್ದು ಕೇಳಿಸಿತು. ಬೈಯಬೇಕೆಂದು ಹೋದವಳು ಟೀ ಮುಟ್ಟದೆ ಎದ್ದು ಬಂದೆ.

ಇನ್ನು ಉಳಿದದ್ದು ಬದುಕಿರುವ ಗಿಡ. ಮಲ್ಲೇಶ್ವರಕ್ಕೆ ಬಸ್ ಹತ್ತಿದೆ. ಮೇಡಂ ಬರೆದಿಟ್ಟ ಅಡ್ಡರಸ್ತೆ ಸಿಕ್ಕಿತು, ಮನೆ ಸಿಗಲಿಲ್ಲ. ಅಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇತ್ತು. ಬಾವಿ ಇತ್ತಲ್ಲ ಎಂದು ವಾಚ್‌ಮನ್‌ನನ್ನು ಕೇಳಿದರೆ ಹಿಂಭಾಗಕ್ಕೆ ಕರೆದೊಯ್ದು ಸಿಮೆಂಟ್ ಮುಚ್ಚಳವೊಂದನ್ನು ಕಾಲಲ್ಲಿ ತೋರಿಸಿದ. ಬಾವಿಯನ್ನು ಕಕ್ಕಸಿನ ಗುಂಡಿ ಮಾಡಿಕೊಂಡಿದ್ದರು. ಮುಚ್ಚಳದ ಬಿರುಕಿನಿಂದ ಏನೋ ಜಿನುಗುತ್ತಿತ್ತು. ಕುಡಿಯುವ ನೀರಿನ ಬಾವಿಗೆ ಹೀಗೆ ಮಾಡುವವರ ಗಂಟಲಲ್ಲಿ ನೀರು ಹೇಗೆ ಇಳಿಯುತ್ತದೋ ಕಾಣೆ. ಅಕ್ಕಪಕ್ಕದಲ್ಲಿ ಇನ್ನೆರಡು ಬಾವಿಗಳಿವೆ ಅಂದರು, ನೋಡಿದರೆ ಎರಡಕ್ಕೂ ಮಣ್ಣು ತುಂಬಿಸಿ ಆಗಿತ್ತು.

ಮನೆಗೆ ಬಂದು ಮೇಡಂಗೆ ಫೋನ್ ಮಾಡಿದೆ. ಲ್ಯಾಮಿನೇಶನ್, ಹಲ್ಲುಜ್ಜುವ ಬ್ರಷ್ಷು, ಎಲ್ಲ ಹೇಳಿದೆ. ಚೀಟಿಯ ವಿಷಯ ಬಿಟ್ಟು. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ.

"ಹೋಗ್ಲಿ ಬಿಡು," ಅಂದರು. "ಶೀಟು ಹಾಳಾಗೋಗಿದೆ ಅಂತ ಕಲ್ಕತ್ತಾಗೆ ಬರ್ದಾಕು. ಪ್ರಶ್ನೆ ಚಿಹ್ನೆ ಹಾಕ್ಕೊಳ್ಳಿ, ಏನೀಗ?"

ಎಷ್ಟು ದೊಡ್ಡ ಮನಸ್ಸು ಎಂದು ನನಗೆ ಕಣ್ಣಲ್ಲಿ ನೀರು ಬಂತು. ಜೀವಮಾನದ ಒಂದೇ ಹೆಸರು, ಅದರ ಪಕ್ಕ ನನ್ನ ಚೀಟಿಯಿಂದಾಗಿ ಒಂದು ಪ್ರಶ್ನೆ ಚಿಹ್ನೆ ಕೂರುತ್ತದೆ. ಅದನ್ನು ತೆಗೆಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಉಳಿದಿದ್ದದ್ದು ಒಂದೇ ದಾರಿ, ಆ ಎಳೆ ಗರಿ. ಮುಖ ಮೇಲಾಗಿ ಅಂಟಿಸಿದ್ದರಿಂದ ಅದರ ಬೆನ್ನಿಗೆ ಬ್ರಷ್ಷು ತಾಗಿರಲಿಲ್ಲ. ಆದರೆ ಅದರ ಬೆನ್ನು ಕಾಗದಕ್ಕೆ ಅಂಟಿತ್ತು, ಮೇಲೆ ಕೆಳಗೆ ಪ್ಲಾಸ್ಟಿಕ್.

ಮೂಲ ಶೀಟನ್ನು ಮುಟ್ಟುವ ಮೊದಲು ಬೇರೆ ಶೀಟುಗಳ ಮೇಲೆ ಪ್ರಯೋಗ ಮಾಡಿದೆ. ಮೊದಲು ಬ್ಲೇಡಿನಿಂದ ಅಂಚು ಸೀಳಿ ಮೇಲಿನ ಪ್ಲಾಸ್ಟಿಕ್ಕನ್ನು ಎಳೆದೆ: ಗರಿಯ ಸಿಪ್ಪೆಯೇ ಕಿತ್ತುಕೊಂಡು ಬಂತು. ಬಿಸಿಯಿಂದ ಅಂಟಿದ್ದು ಬಿಸಿಯಿಂದ ಬಿಡಬಹುದೆಂದು ಇಸ್ತ್ರಿಪೆಟ್ಟಿಗೆ ಇಟ್ಟೆ: ಪ್ಲಾಸ್ಟಿಕ್ ಇನ್ನಷ್ಟು ಕುದಿದು ಗುಳ್ಳೆಯೆದ್ದು ಒಳಗಿನ ಬೂಷ್ಟು ರಸವೆಲ್ಲ ಹಬೆಯಾಗಿ ಮುಖಕ್ಕೆ ಹೊಡೆಯಿತು. ಎರಡು ದಿನ ಊಟ ಸೇರಲಿಲ್ಲ. ಪ್ರಾಣಿಶಾಸ್ತ್ರದವರು ಸ್ಲೈಡು ಮಾಡಲು ಬಳಸುವ ಕ್ಸೈಲೀನ್ ತಂದು ಹನಿ ಹನಿಯಾಗಿ ಅಂಚಿಗೆ ಬಿಟ್ಟೆ. ಪ್ಲಾಸ್ಟಿಕ್ಕಿನ ಅಂಟು ಕರಗಿತು, ಕಾಗದದಿಂದ ಸಲೀಸಾಗಿ ಬಿಟ್ಟಿತು. ಗರಿಯ ಮೇಲೆ ಮಾತ್ರ ಬಿಡುವಾಗ ರೋಮ, ಹುರುಪೆ ಎಲ್ಲ ಜೊತೆಗೆ ಎತ್ತಿಕೊಂಡು ಹೋಯಿತು. ಆ ವಾಸನೆಗೆ ತಲೆನೋವು ಬಂದು ಸ್ಟಾಫ್ ರೂಮಿನಲ್ಲಿ ಒರಗಿದೆ. ಅಲ್ಲಿದ್ದ ಸಹೋದ್ಯೋಗಿಯೊಬ್ಬರು ಇಷ್ಟು ಒದ್ದಾಟ ಯಾವುದಕ್ಕೆ, ಒಣಗಿದ ಸೊಪ್ಪಿಗಾ ಎಂದು ಕೇಳಿದರು. ಅವರ ಜೊತೆ ಇವತ್ತಿಗೂ ನನಗೆ ಮಾತಿಲ್ಲ.

ಈ ನಡುವೆ ಸಮಿತಿ ಬಂತು. ಅಧ್ಯಕ್ಷರು ಗಂಧದ ಹಾರ ಹಾಕಿಕೊಂಡೇ ನಮ್ಮ ವಿಭಾಗಕ್ಕೆ ಬಂದು ಬೀರುವಿನಿಂದ ಒಂದು ಶೀಟು ಎತ್ತಿ, ಕರ್ಚೀಫಿನಲ್ಲಿ ಒರೆಸಿ, ನೆಲದ ಮೇಲೆ ಬಿದ್ದರೂ ಏನೂ ಆಗುವುದಿಲ್ಲ ಎಂದು ಬೀಳಿಸಿಯೇ ತೋರಿಸಿದರು. ಇದು ಬೇರೆ ಕಾಲೇಜುಗಳಿಗೂ ಮಾದರಿ ಅಂದರು. ಅವರು ಎತ್ತಿದ್ದು ಜಿರಳೆಯ ಶೀಟು. ಜಿರಳೆಯನ್ನೂ ಸಂಗ್ರಹದ ಭಾಗ ಅಂದುಕೊಂಡಿರಬೇಕು. ಪ್ರಿನ್ಸಿಪಾಲರು ನನ್ನ ಕೈಕುಲುಕಿ, ಇದೆಲ್ಲ ಈ ಮೇಡಂ ಅವರ ಐಡಿಯಾ ಸಾರ್, ಅವರೇ ಬರೆದುಕೊಟ್ಟಿದ್ದು ಅಂದರು. ಸೂಪರಿಂಟೆಂಡೆಂಟರು ಬಾಗಿಲಲ್ಲಿ ನಿಂತಿದ್ದರು. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಎಲ್ಲರೂ ಉಪ್ಪಿಟ್ಟು, ಕೇಸರಿಬಾತು ತಿನ್ನಲು ಹೋದ ಮೇಲೆ ನಾನು ಒಬ್ಬಳೇ ಮೇಡಂ ಅವರ ಮೂಲ ಶೀಟನ್ನು ಎದುರಿಗಿಟ್ಟುಕೊಂಡು ಕೂತೆ.

ಆಗ ಹೊಳೆಯಿತು, ಇಷ್ಟು ದಿನ ನಾನು ಮುಂದಿನಿಂದ ಒದ್ದಾಡುತ್ತಿದ್ದೆ. ಮುಂದಿನ ಪ್ಲಾಸ್ಟಿಕ್ ಗರಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ; ಹಿಡಿದುಕೊಳ್ಳಲಿ. ನನಗೆ ಬೇಕಾದದ್ದು ಬೆನ್ನು. ಹಿಂದಿನಿಂದ ಹೋಗಬೇಕು. ಹಿಂದಿನ ಪ್ಲಾಸ್ಟಿಕ್ ಅಂಟಿರುವುದು ಬರೀ ಕಾಗದಕ್ಕೆ, ಅದನ್ನು ಕ್ಸೈಲೀನಿನಿಂದ ಬಿಡಿಸಬಹುದು. ಆಮೇಲೆ ಕಾಗದವನ್ನೇ ಹಿಂದಿನಿಂದ ಪದರ ಪದರವಾಗಿ ಕೆರೆದು ತೆಗೆದರೆ ಗರಿಯ ಬೆನ್ನು ಸಿಗುತ್ತದೆ. ಮೂಲ ಶೀಟಿನ ಕಾಗದಕ್ಕೆ ತೂತು ಮಾಡುವುದು ನಮ್ಮ ಕಸುಬಿನಲ್ಲಿ ಮಹಾಪಾಪ. ಆಗಿರುವ ಪಾಪದ ಮುಂದೆ ಇದೆಷ್ಟು ಎಂದುಕೊಂಡೆ.

ಶೀಟನ್ನು ಬೋರಲು ಹಾಕಿ, ಗಾಜಿನ ಹಲಗೆಯ ಮೇಲೆ ಟೇಪು ಹಚ್ಚಿ ಬಿಗಿದೆ. ಕ್ಸೈಲೀನ್ ಹಚ್ಚಿ ಗರಿಯ ನೇರಕ್ಕೆ ಅಂಗೈಯಗಲ ಪ್ಲಾಸ್ಟಿಕ್ ಬಿಡಿಸಿದೆ. ಒಂದು ರಾತ್ರಿ ಆರಲು ಬಿಟ್ಟು, ಮರುದಿನ ಒದ್ದೆ ಬ್ಲಾಟಿಂಗ್ ಪೇಪರನ್ನು ಚಿಕ್ಕದಾಗಿ ಕತ್ತರಿಸಿ ಇಟ್ಟೆ. ಹಳೇ ಕಾಲದವರು ಬಳಸುತ್ತಿದ್ದದ್ದು ಮರದ ಗೋಂದು, ನೀರಿಗೆ ಕರಗುತ್ತದೆ. ಈಗಿನ ಬಿಳಿ ಅಂಟಾಗಿದ್ದರೆ ಮುಗಿದುಹೋಗಿತ್ತು. ಹತ್ತು ನಿಮಿಷ ಕಾಯುವುದು, ನೆನೆದ ಕಾಗದವನ್ನು ಬ್ಲೇಡಿನ ಬೆನ್ನಿನಿಂದ ಉರುಳಿಸಿ ತೆಗೆಯುವುದು, ಮತ್ತೆ ಬ್ಲಾಟಿಂಗ್ ಪೇಪರ್ ಇಡುವುದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಬೇಕು, ಬೆಣ್ಣೆಯೋ ಮುಟ್ಟಿದರೆ ಪುಡಿಯಾಗುವಂಥದು. ಗೋಂದಿಗೆ ಆ ಕಾಲದಲ್ಲಿ ಹುಳ ಬಾರದಿರಲೆಂದು ಪಾದರಸದ ವಿಷ ಕಲಸುತ್ತಿದ್ದರು. ಬೆರಳಿಗೆ ತಾಗಿದ ಪ್ರತಿ ಸಲ ಎದ್ದು ಹೋಗಿ ಸೋಪು ಹಾಕಿ ತೊಳೆಯುತ್ತಿದ್ದೆ. ನಾಲ್ಕು ಮಧ್ಯಾಹ್ನ ಹಿಡಿಯಿತು. ನಾಲ್ಕನೆಯ ದಿನ ಕೊನೆಯ ಪದರ ಬ್ಲಾಟಿಂಗ್ ಪೇಪರಿನ ಜೊತೆಗೇ ಎದ್ದು ಬಂತು.

ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸಾಲು ಸಾಲಾಗಿ ಚುಕ್ಕಿಗಳು, ಒಂದೂ ಕೆಟ್ಟಿರಲಿಲ್ಲ. ಪ್ರತಿ ಚುಕ್ಕಿಯ ಮೇಲೂ ಮೂತ್ರಪಿಂಡದ ಆಕಾರದ ಪೊರೆ. ಪೊರೆಯ ಮೇಲೆ ರೋಮ. ಇದು ಗೋಡೆ ಸಂದಿಯ ಸಾಮಾನ್ಯ ಗಿಡ. ನಮ್ಮ ಕಾಲೇಜಿನ ಕಾಂಪೌಂಡಿನಲ್ಲೂ ಇದೆ.

ಶೀಟು ಹಾಳಾಗಿದೆ ಎಂದು ಬರೆದರೆ ಕೇಳುವವರು ಯಾರೂ ಇರಲಿಲ್ಲ. ಮೇಡಮ್ಮೇ ಹಾಗೆ ಬರಿ ಅಂದಿದ್ದರು. ಬಿಡಿಸಿದ ಜಾಗದ ಮೇಲೆ ಒಂದು ಕಾಗದ ಅಂಟಿಸಿದ್ದರೆ ಸಾಕಿತ್ತು. ಇಷ್ಟು ದಿನ ಶಾಪ ಹಾಕಿದ ಲ್ಯಾಮಿನೇಶನ್ನನ್ನೇ ನೆಪ ಮಾಡಿಕೊಳ್ಳಲು ಹೊರಟೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಚಾಮರಾಜಪೇಟೆಗೆ ಹೋದೆ. ಮೇಡಂ ಹಜಾರದ ಬೆತ್ತದ ಕುರ್ಚಿಯಲ್ಲಿ ರೇಡಿಯೋ ಕೇಳುತ್ತಿದ್ದರು. ಅವರ ತಂಗಿ ಕಾಫಿ ಕೊಟ್ಟು ಒಳಗೆ ಹೋದರು. ನಾನು ಸುತ್ತಿ ಬಳಸಿ ಹೇಳಲಿಲ್ಲ.

"ಎಳೆ ಗರಿ ಬಿಡಿಸ್ದೆ ಮೇಡಂ. ಪೊರೆ ಇದೆ. ರೋಮಾನೂ ಇದೆ."

ಅವರು ರೇಡಿಯೋ ಆರಿಸಿದರು. "ಬಿಡು ಅಂದಿದ್ನಲ್ಲೇ ನಿಂಗೆ," ಅಂದರು.

ಆ ಮಾತಿನಲ್ಲಿ ಆಶ್ಚರ್ಯವೇ ಇರಲಿಲ್ಲ. ಅದು ನನಗೆ ಅರ್ಥವಾಗಲು ಕಾಫಿ ಅರ್ಧ ಖಾಲಿಯಾಗಬೇಕಾಯಿತು. ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ.

"ಲೇಖನ ಅಚ್ಚಿಗೆ ಹೋಗಿತ್ತು. ಆಮೇಲೆ ಶೀಟ್ ಅಂಟಿಸ್ತಾ ಕೂತಾಗ ಆ ಚಿಕ್ಕದನ್ನ ತಿರುಗಿಸಿ ನೋಡ್ದೆ. ಪೊರೆ ಇತ್ತು. ಬಿಸಾಕೋಣ ಅಂದ್ರೆ ಮನಸ್ಸು ಬರ್ಲಿಲ್ಲ, ಎಷ್ಟೇ ಆದ್ರೂ ಬಾವಿಗಿಳ್ದು ಕಿತ್ತಿದ್ದು. ಒಂದು ಗರಿ ಮುಖ ಮೇಲಿರ್ಬೇಕು ಅಂತ ನಿಯಮ ಇದೆಯಲ್ಲ. ಬೆನ್ನಿಗೆ ಚೆನ್ನಾಗಿ ಗೋಂದು ಹಚ್ಚಿ ಅಂಟಿಸ್ಬಿಟ್ಟೆ."

ನನಗೆ ಅವರ ಮೇಲೂ ಹೇಸಿಗೆಯಾಯಿತು. ಸುಳ್ಳು ಯಾಕೆ ಹೇಳಲಿ, ಆಯಿತು. ಬೆನ್ನು ತೋರಿಸದ ನನ್ನ ಶೀಟನ್ನು ಕಸದ ಬುಟ್ಟಿಗೆ ಹಾಕಿದ ಕೈ ಇದೇ. ಫೋನಿನಲ್ಲಿ ಇವರ "ಬಿಡು"ವಿಗೆ ನಾನು ಅತ್ತಿದ್ದೆ. ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು, ಎದ್ದೂ ಎದ್ದೆ. ಆದರೆ ಯಾವ ಮುಖ ಇಟ್ಟುಕೊಂಡು ಹೋಗಲಿ? ನಿಂತುಕೊಂಡೇ ಹೇಳಿದೆ, ಕವರ್ ಹಾಕಿಸಿ ಎಂದು ಬರೆದುಕೊಟ್ಟವಳು ನಾನು, ಬೈಗುಳವನ್ನೆಲ್ಲ ಸೂಪರಿಂಟೆಂಡೆಂಟರ ತಲೆಗೆ ಕಟ್ಟಿದೆ ಎಂದು. ಮೇಡಂ ಕೂತ್ಕೋ ಎಂದು ಪಕ್ಕದ ಕುರ್ಚಿಯನ್ನು ತಡಕಿ ತೋರಿಸಿದರು. ಕೂತೆ.

ಪೆನ್ನು ಕಾಗದ ತೆಗಿ ಅಂದರು. ಕಲ್ಕತ್ತೆಗೆ ಕಾಗದ ಹೇಳಿ ಬರೆಸಿದರು: ಮೂಲ ಶೀಟಿನ ಎಳೆ ಗರಿ ಪರೀಕ್ಷಿಸಲಾಗಿದೆ, ಪೊರೆ ಇದೆ, ಹೆಸರನ್ನು ತೆಗೆದುಹಾಕಬೇಕು. ಚಿತ್ರ ಜೊತೆಗಿಟ್ಟಿದೆ. ನಾನು ಅಷ್ಟಕ್ಕೇ ಕೆಳಗೆ ಗೆರೆ ಎಳೆದೆ.

"ಮುಗೀಲಿಲ್ಲ ಇನ್ನೂ," ಅಂದರು. "ಇದನ್ನ ನಾನು ಶೀಟ್ ಅಂಟಿಸೋ ದಿನಾನೇ ನೋಡಿದ್ದೆ, ಹೇಳ್ಲಿಲ್ಲ ಅಂತ ಬರಿ."

ಅದೆಲ್ಲ ಯಾಕೆ ಮೇಡಂ, ಹೆಸರು ಹೇಗೂ ಹೋಗುತ್ತದಲ್ಲ ಎಂದೆ.

"ಬರಿ," ಅಂದರು.

ಬರೆದೆ. ಸಹಿ ಹಾಕುವ ಜಾಗಕ್ಕೆ ಅವರ ಬೆರಳನ್ನು ನಾನೇ ಹಿಡಿದು ಇಟ್ಟೆ. ಪೆನ್ನು ಊರಿಕೊಂಡು, ಹೆಸರನ್ನು ಚಿಕ್ಕದು ಮಾಡದೆ, ಪೂರ್ತಿ ಬರೆದರು.